ಫಾಶಿಯೋ, ಆಜೀವ ಸೆರೆಯೋ?

ಕೊಲೆಗಡುಕನ ಮೇಲೆ ಕನಿಕರವೇಕೆಂದು ಕೇಳುವವರುಂಟು. ಅವರ ರೋಷವು ಸಹಜವಾದುದೇ. ಹತನಾದವನ ಮನೆಯವರ ಕಣ್ಣೀರನ್ನು ಕಂಡ ಯಾವ ವಕೀಲನೂ ಅದನ್ನು ಅಲ್ಲಗಳೆಯಲಾರನು. ಆದರೆ ರೋಷವು ನ್ಯಾಯಾಸನವನ್ನೇರಬಾರದು.

ಅತ್ಯಂತ ವಿರಳವಾದ ಪ್ರಸಂಗದಲ್ಲಿ ಮಾತ್ರ ಮರಣದಂಡನೆಯೆಂದು ಸುಪ್ರೀಂ ಕೋರ್ಟು 1980ರಲ್ಲಿ ಬಚನ್ ಸಿಂಗ್ ಖಟ್ಲೆಯಲ್ಲಿ ನಿಯಮಿಸಿತು. ಆ ವಿರಳತೆಯನ್ನು ಅಳೆಯುವ ಕೋಲಾವುದು? ಬೆಂಗಳೂರಿನ ಒಂದು ಖೂನಿಯ ಖಟ್ಲೆಯನ್ನೇ ನೋಡಿರಿ. 2007ರಲ್ಲಿ ಆ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ವಿಷಯದಲ್ಲಿ ಏಕಮತರಾದರು. ಶಿಕ್ಷೆಯ ವಿಷಯದಲ್ಲಿ ಒಬ್ಬರು ಫಾಶಿಯೆಂದರು, ಇನ್ನೊಬ್ಬರು ಬೇಡವೆಂದರು. ಸಾಕ್ಷ್ಯವೂ ಕಾಯಿದೆಯೂ ಇಬ್ಬರ ಮುಂದೆ ಒಂದೇ ಇದ್ದವು. ಒಬ್ಬನ ಪ್ರಾಣವು ಪೀಠದ ಮೇಲೆ ಕುಳಿತವರು ಯಾರೆಂಬುದನ್ನು ಅವಲಂಬಿಸಬೇಕೇ?

2008ರಲ್ಲಿ ಮೂವರ ಪೀಠವು ಅದೇ ಅಪರಾಧಿಗೆ ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. 2015ರಲ್ಲಿ ಸಂವಿಧಾನ ಪೀಠವು ಬಹುಮತದಿಂದ ಈ ಮಾರ್ಗವನ್ನು ಎತ್ತಿಹಿಡಿಯಿತು. ಹೀಗಿರಲು, ಹದಿನಾಲ್ಕು ವರ್ಷಕ್ಕೆ ಕೊಲೆಗಾರನು ಹೊರಬರುವನೆಂಬ ಭೀತಿಗೆ ಪರಿಹಾರವು ಫಾಶಿಯೊಂದೇ ಎನ್ನಲಾಗದು.

ತಪ್ಪಿನ ಮಾತು ಇನ್ನೂ ಘೋರವಾದುದು. 1996ರಲ್ಲಿ ಗಲ್ಲಿಗೇರಿದ ರಾಜಸ್ಥಾನದ ಒಬ್ಬನ ಶಿಕ್ಷೆಯನ್ನು ಖಾಯಂಗೊಳಿಸಿದ ತೀರ್ಪು 1980ರ ನಿಯಮಕ್ಕೆ ಹೊಂದದೆಂದು ಸುಪ್ರೀಂ ಕೋರ್ಟೇ 2009ರಲ್ಲಿ ಹೇಳಿತು. ಹದಿಮೂರು ವರ್ಷಗಳ ಮೇಲಣ ಈ ಒಪ್ಪಿಗೆಯಿಂದ ಸತ್ತವನಿಗೆ ಫಲವೇನು? ಅವನು ಸೆರೆಯಲ್ಲಿದ್ದಿದ್ದರೆ ಮರುವಿಚಾರಣೆಗೆ ಅವಕಾಶವಿರುತ್ತಿತ್ತು.

2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮೂ ಫಾಶಿಯನ್ನು ಉಳಿಸಿಕೊಂಡಿರುವುದು ವಿಷಾದಕರವು. ತಿದ್ದಲಾರದ ಶಿಕ್ಷೆಯನ್ನು ತಪ್ಪಬಲ್ಲ ಮನುಷ್ಯರ ಕೈಯಲ್ಲಿಡುವುದು ಉಚಿತವಲ್ಲ. ಅದನ್ನು ಕಾಯಿದೆಯಿಂದ ತೆಗೆದು ಆಜೀವ ಸೆರೆಯನ್ನೇ ಪರಮ ಶಿಕ್ಷೆಯಾಗಿಸಬೇಕೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ.