ಕೆಂಪು ನೀರಿನ ದಿನ
ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ಹುಟ್ಟು ಹಾಕುವವರಿಗೆ ಮಳೆಗಾಲವೇ ಸುಗ್ಗಿ. ಕೇರಳದ ಕೋಡಂಚೇರಿ ಬಳಿಯ ಚಾಲಿಪ್ಪುಳದಲ್ಲೂ ಅಷ್ಟೇ. ಮಳೆಯ ನಡುವೆಯೇ ದೇಶವಿದೇಶಗಳ ಕಯಾಕಿಂಗ್ ಪಟುಗಳು ಬಂದು ಸೇರುತ್ತಾರೆ. ಆದರೆ ಮೈದುಂಬಿದ ಹೊಳೆ ಬೇರೆ, ನೆರೆ ಬಂದ ಹೊಳೆಯೇ ಬೇರೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ಸುಮಾರು ನಾಲ್ಕು ಪಟ್ಟು. ಬಂಡೆಯ ಮರೆಯಲ್ಲಿ ದೋಣಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುವ ಜಾಗಗಳೆಲ್ಲ ಕೊಚ್ಚಿಹೋಗುತ್ತವೆ. ಅಲೆಗಿಂತ ನನಗೆ ಹೆಚ್ಚು ಭಯ ಬುಡಸಮೇತ ಕಿತ್ತು ಬಂದು ಅಡ್ಡಬಿದ್ದ ಮರಗಳದು: ಕೊಂಬೆಗಳ ಸಂದಿನಲ್ಲಿ ನೀರು ನುಗ್ಗಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ, ಲೈಫ್ ಜಾಕೆಟ್ ಇದ್ದೂ ಬಿಡಿಸಿಕೊಳ್ಳಲಾಗದು. ಕೆಳಗೆ ಬಿಸಿಲಿದ್ದರೂ ಮೇಲೆ ಬ್ರಹ್ಮಗಿರಿ ಬೆಟ್ಟದಲ್ಲಿ ಸುರಿದ ಮಳೆ ನೋಡನೋಡುತ್ತಲೇ ಬರಪೊಳೆಯನ್ನು ಏರಿಸೀತು. ನೀರು ಕೆಂಪಾಗಿ ದಿಮ್ಮಿಗಳು ತೇಲಿಬರತೊಡಗಿದ ದಿನ ದೋಣಿ ಇಳಿಸಲೇಕೂಡದು, ಮುಂಗಡ ಕೊಟ್ಟ ಪ್ರವಾಸಿಗರು ಎಷ್ಟೇ ಒತ್ತಾಯಿಸಲಿ.