ಕರಿಕೋಟು ಹೊಲಿಸಿದರೆ ಸಾಲದು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಮೊದಲೆಲ್ಲ ಅಂಗಡಿ, ಗಲ್ಫ್, ಇಲ್ಲವೇ ಇಂಜಿನಿಯರಿಂಗ್ ಅಂತ ಉತ್ತರ ತಯಾರಿರುತ್ತಿತ್ತು. ಈಗ ಶಿವಮೊಗ್ಗ, ಭದ್ರಾವತಿಯಲ್ಲಿ "ವಕೀಲಿ ಓದಿಸೋಣ" ಅನ್ನುವ ತಂದೆತಾಯಂದಿರೂ ಇದ್ದಾರೆ. ಸಂತೋಷದ ವಿಷಯ. ಶಿವಮೊಗ್ಗದಲ್ಲೇ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜು ಇದೆ. ಭದ್ರಾವತಿಯ ಮಕ್ಕಳು ಮನೆಯಿಂದಲೇ ಬಸ್ಸಲ್ಲಿ ಹೋಗಿ ಬರಬಹುದು. ಪಿಯುಸಿ ನಂತರ ಐದು ವರ್ಷ, ಡಿಗ್ರಿ ನಂತರವಾದರೆ ಮೂರು ವರ್ಷದ ಓದು. ಆದರೆ ಸೀಟು ಸಿಕ್ಕಿದ ದಿನ ಸಿಹಿ ಹಂಚುವ ನಾವು, ಆ ವರ್ಷಗಳಲ್ಲಿ ಮಕ್ಕಳು ಏನು ಕಲಿತರು ಅಂತ ಕೇಳುವುದು ಕಡಿಮೆ.

ಕಿತಾಬು ಓದಿದರೆ ಸಾಲದು, ಉಸ್ತಾದರ ಮುಂದೆ ಕೂರಬೇಕು ಎಂಬುದು ನಮಗೆಲ್ಲ ಗೊತ್ತು. ವಕೀಲಿಯೂ ಹಾಗೆಯೇ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಅಣಕು ನ್ಯಾಯಾಲಯದಲ್ಲಿ ವಾದಿಸಬೇಕು, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ಕೂತು ನೋಡಿ ಬರೆಯಬೇಕು. ಕಕ್ಷಿದಾರರ ಜೊತೆ ವಕೀಲರು ಹೇಗೆ ಮಾತಾಡುತ್ತಾರೆ ಎಂಬುದನ್ನೂ ಗಮನಿಸಬೇಕು. ಇದನ್ನು ಶ್ರದ್ಧೆಯಿಂದ ಮಾಡಿದವರಿಗೆ ಕರಿಕೋಟು ಹಾಕಿದ ದಿನ ಕೋರ್ಟು ಹೊಸ ಊರಾಗಿರುವುದಿಲ್ಲ. ಗೆಳೆಯನ ಡೈರಿ ನೋಡಿ ಬರೆದು ಸೀಲು ಹಾಕಿಸಿಕೊಂಡವರಿಗೆ ಮಾರ್ಕ್ಸ್ ಸಿಗಬಹುದು, ಧೈರ್ಯ ಸಿಗುವುದಿಲ್ಲ.

ಇನ್ನೊಂದು ಮಾತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಹಳೇ ಕ್ರಯಪತ್ರ, ಪಹಣಿ, ಪೊಲೀಸ್ ದೂರಿನ ಕನ್ನಡ ಸಲೀಸಾಗಿ ಓದಲು ಬರುವುದಿಲ್ಲ. ನಮ್ಮೂರಿನ ಕೋರ್ಟಿಗೆ ಜನ ತರುವುದು ಅದೇ ಕಾಗದಗಳನ್ನು: ಮನೆ ಖಾತೆ, ಚೆಕ್ ಬೌನ್ಸ್, ಪಾಲು, ಜೀವನಾಂಶ. ಕಾಲೇಜಿನ ದಿನಗಳಲ್ಲೇ ಇದನ್ನು ಕಲಿಯಬೇಕು. ಉಚಿತ ಕಾನೂನು ನೆರವಿನ ಶಿಬಿರಗಳಿಗೂ ಹೋಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಉಕ್ಕು ಮತ್ತು ಕಾಗದ ಕಾರ್ಖಾನೆಗಳಿಂದ ಹೆಸರಾದ ಭದ್ರಾವತಿಯಲ್ಲಿ ಈ ಮಾತು ಮನೆಮನೆಗೆ ಮುಟ್ಟಬೇಕಾದದ್ದು. ಮುಟ್ಟಿಸುವ ವಿದ್ಯಾರ್ಥಿಯೇ ಮುಂದೆ ಜನ ನಂಬುವ ವಕೀಲನಾಗುತ್ತಾನೆ. ಹೆಣ್ಣುಮಕ್ಕಳು ಓದಿದರೆ ಇನ್ನೂ ಒಳ್ಳೆಯದು. ಗಂಡಸರ ಮುಂದೆ ಬಾಯಿಬಿಡದ ಉಮ್ಮಂದಿರು ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ನಿಜವಾದ ಕಷ್ಟ ಶುರುವಾಗುವುದು ಪದವಿ ಕೈಗೆ ಬಂದ ಮೇಲೆ. ನೋಂದಣಿ ಶುಲ್ಕದ ಭಾರವನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಇಳಿಸಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಆಮೇಲೆ ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್. ಅಲ್ಲಿ ಫೈಲು ಹೊರುವುದು, ಮುದ್ದತು ಕೇಳುವುದು ಎಲ್ಲ ಇದೆ. ಸಂಬಳ ಮಾತ್ರ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪಟ್ಟಣದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದೆ. ಆದರೆ ಅದು ಶಿಫಾರಸು, ಕಡ್ಡಾಯ ಅಲ್ಲ.

ಇಲ್ಲೇ ನಮ್ಮ ಮಕ್ಕಳು ಜಾರುವುದು. "ಐದು ವರ್ಷ ಓದಿಸಿದೆವು, ಇನ್ನೂ ದುಡಿಯಲ್ವಾ?" ಎಂದು ಮನೆಯವರು ಕೇಳುತ್ತಾರೆ. ಆರು ತಿಂಗಳಿಗೆ ಹುಡುಗ ಅಂಗಡಿ ಗಲ್ಲೆಯಲ್ಲಿ ಕೂರುತ್ತಾನೆ, ಕೋಟು ಬೀರು ಸೇರುತ್ತದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. ಅಂದರೆ ಅರ್ಧಕ್ಕೆ ಬಿಟ್ಟವನಿಗೆ ಆ ಬಾಗಿಲೂ ಮುಚ್ಚಿದ ಹಾಗೆ.

ಆದ್ದರಿಂದ ಲೆಕ್ಕ ಹಾಕುವಾಗ ಐದು ವರ್ಷ ಅಂತ ಹಾಕಬೇಡಿ, ಎಂಟು ವರ್ಷ ಅಂತ ಹಾಕಿ. ಕಾನೂನು ಪದವೀಧರರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆಯ ಯೋಜನೆ ಇದೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಜಮಾಅತ್‌ಗಳು, ಸಂಘಟನೆಗಳು ಕಾಲೇಜು ಫೀಸಿಗೆ ನೆರವಾಗುತ್ತಿವೆ, ಒಳ್ಳೆಯದು. ಅದರ ಒಂದು ಪಾಲನ್ನು ಜೂನಿಯರ್ ವಕೀಲರ ಮೊದಲ ಎರಡು ವರ್ಷದ ಬಸ್ ಚಾರ್ಜು, ಪುಸ್ತಕಗಳಿಗೆ ತೆಗೆದಿಡಬಾರದೇ? ಹತ್ತು ಮಕ್ಕಳಿಗೆ ಸೀಟು ಕೊಡಿಸಿ ಕೈಬಿಡುವುದಕ್ಕಿಂತ, ಇಬ್ಬರನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಮೇಲು.