ಕೇಸು ಮುಚ್ಚಿಹೋಗಲಿ ಎಂದು ಪ್ರಾರ್ಥಿಸಬೇಕೇ?

ಫೆಬ್ರವರಿ-ಮಾರ್ಚ್ ಬಂತೆಂದರೆ ನಮ್ಮ ಸಲಗರೆ ಭಾಗದಲ್ಲಿ ಬೋರ್ಡ್ ಪರೀಕ್ಷೆಯ ಗಡಿಬಿಡಿ. ಕಾಪಿಮುಕ್ತ ಅಭಿಯಾನ, ಭರಾರಿ ಪಥಕ, ಗೇಟಿನಲ್ಲಿ ಜೇಬು ತಪಾಸಣೆ. ಪ್ರಾರ್ಥನಾ ಕೂಟದಲ್ಲಿ ಒಮ್ಮೊಮ್ಮೆ ಇಂಥ ವಿಜ್ಞಾಪನೆಯೂ ಬರುತ್ತದೆ: "ಮಗನ ಹತ್ರ ಚೀಟಿ ಸಿಕ್ಕೈತಿ, ಕೇಸು ಮುಚ್ಚಿ ಹೋಗ್ಲಿ ಅಂತ ಪ್ರಾರ್ಥನಾ ಮಾಡ್ರಿ." ಹೀಗೆ ಕೇಳುವ ತಾಯಿಯ ಸಂಕಟ ಸುಳ್ಳಲ್ಲ. ಆದರೆ ಅದೇ ಸಂಜೆ ತಂದೆ ಯಾರೋ ಪುಢಾರಿಯ ಮನೆಗೂ ಹೋಗಿ ಬಂದಿರುತ್ತಾರೆ. ಪುಢಾರಿಯಿಂದ ಆಗದ್ದನ್ನು ದೇವರು ಮಾಡಲಿ ಎಂಬಂತಿರುತ್ತದೆ ಆ ಪ್ರಾರ್ಥನೆ. ಇದಕ್ಕೆ ನಾವು ಆಮೆನ್ ಹೇಳಬಾರದು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಏನೆಂದು ಪ್ರಾರ್ಥಿಸುವುದು? ಎರಡನೆಯ ಸಮುವೇಲ 24ನೆಯ ಅಧ್ಯಾಯ ತೆರೆಯೋಣ. ದಾವೀದ ಜನಗಣತಿ ಮಾಡಿಸಿದ. ಒಂಬತ್ತು ತಿಂಗಳು ಇಪ್ಪತ್ತು ದಿನ ಹಿಡಿಯಿತು. ಲೆಕ್ಕ ಕೈಗೆ ಬಂದ ಮೇಲೆ ಅವನ ಮನಸ್ಸಾಕ್ಷಿಯೇ ಅವನನ್ನು ಚುಚ್ಚಿತು. ಪ್ರವಾದಿ ಗಾದ ಬಂದು ಬಾಗಿಲು ತಟ್ಟುವ ಮೊದಲೇ ಅವನು ತಪ್ಪು ಒಪ್ಪಿಕೊಂಡಿದ್ದ. ಆಮೇಲೆ ಗಾದ ಮೂರು ಶಿಕ್ಷೆಗಳನ್ನು ಮುಂದಿಟ್ಟ: ವರ್ಷಗಟ್ಟಲೆ ಬರಗಾಲ, ಶತ್ರುಗಳಿಂದ ಮೂರು ತಿಂಗಳ ಓಟ, ಇಲ್ಲವೇ ಮೂರು ದಿನದ ವ್ಯಾಧಿ. ನಾಲ್ಕನೆಯದು, ಅಂದರೆ ಬಿಡುಗಡೆ, ಆ ಪಟ್ಟಿಯಲ್ಲಿ ಇರಲಿಲ್ಲ. ದಾವೀದ ಅದನ್ನು ಕೇಳಲೂ ಇಲ್ಲ. ಮನುಷ್ಯರ ಕೈಗೆ ಬೀಳುವುದಕ್ಕಿಂತ ಬಹಳ ಕರುಣೆಯುಳ್ಳ ದೇವರ ಕೈಗೆ ಬೀಳುವುದು ಲೇಸೆಂದಷ್ಟೇ ಹೇಳಿದ. ಹೊಡೆಯುವ ಕೈಯಲ್ಲೇ ಕರುಣೆ ಹುಡುಕಿದ.

ಆರನೆಯ ಕೀರ್ತನೆಯೂ ಮೂವತ್ತೆಂಟನೆಯ ಕೀರ್ತನೆಯೂ ಇದೇ ಬೇಡಿಕೆಯಿಂದ ಆರಂಭವಾಗುತ್ತವೆ. ಶಿಕ್ಷಿಸಲೇಬೇಡ ಎಂದಲ್ಲ, ಕೋಪದಿಂದ ಶಿಕ್ಷಿಸಬೇಡ ಎಂದು. ವ್ಯತ್ಯಾಸ ಸಣ್ಣದಾಗಿ ಕಾಣಬಹುದು, ಆದರೆ ಚೀಟಿ ಸಿಕ್ಕ ಹುಡುಗನ ಮಟ್ಟಿಗೆ ಅದು ದೊಡ್ಡದು. ಕೇಸು ಮುಚ್ಚಿದರೆ ಅವನು ಕಲಿಯುವುದು ವಶೀಲಿ ಇದ್ದರೆ ಸಾಕು ಎಂಬುದನ್ನು. ಶಿಕ್ಷೆಯಾದಾಗಲೂ ದೇವರು ತನ್ನ ಕೈ ಬಿಡಲಿಲ್ಲವೆಂದು ತಿಳಿದವನು ಮುಂದೊಂದು ದಿನ ಇನ್ನೂ ದೊಡ್ಡ ತಪ್ಪಿನ ಮುಂದೆ ನಿಂತಾಗ ಎಲ್ಲಿಗೆ ಓಡಬೇಕೆಂದು ಬಲ್ಲ. ಇಬ್ರಿಯರ ಪತ್ರಿಕೆಯ ಹನ್ನೆರಡನೆಯ ಅಧ್ಯಾಯ ಶಿಕ್ಷೆಯನ್ನು ಮಕ್ಕಳಿಗೆ ಸಲ್ಲುವುದೆಂದು ಕರೆಯುವುದು ಸುಮ್ಮನೆ ಅಲ್ಲ.

ಈ ಅಧ್ಯಾಯದಲ್ಲಿ ಓದಲು ಕಷ್ಟವಾಗುವ ಮಾತೂ ಇದೆ. ಸತ್ತವರು 70,000 ಜನ, ಗಣತಿ ಮಾಡಿಸಿದವನಲ್ಲ. ಈ ಕುರಿಗಳು ಏನು ಮಾಡಿವೆ, ನಿನ್ನ ಕೈ ನನ್ನ ಮೇಲೆ ಬರಲಿ ಎಂದು ದಾವೀದ ಅತ್ತದ್ದು ಅದಕ್ಕೇ. ಈ ಪ್ರಶ್ನೆಗೆ ಸುಲಭ ಉತ್ತರ ಕೊಡುವ ಪ್ರಸಂಗ ನಮಗೆ ಬೇಡ. ಆದರೆ ಒಬ್ಬರ ತಪ್ಪಿನ ಬೆಲೆ ಇನ್ನೊಬ್ಬರು ತೆರುವುದು ನಮಗೂ ಗೊತ್ತಿರುವ ಸಂಗತಿ. ಸಾಮೂಹಿಕ ಕಾಪಿ ಸಿಕ್ಕ ಊರಿನ ಪರೀಕ್ಷಾ ಕೇಂದ್ರ ರದ್ದಾದರೆ, ರಾತ್ರಿಯೆಲ್ಲ ಓದಿದ ಹುಡುಗಿಯೂ ಮರುವರ್ಷ ಬೇರೆ ಊರಿಗೆ ಬಸ್ಸು ಹಿಡಿಯಬೇಕು. ಕೇಸು ಮುಚ್ಚಲಿ ಎಂದು ಪ್ರಾರ್ಥಿಸುವಾಗ ಆ ಹುಡುಗಿಯ ನೆನಪು ಯಾರಿಗೂ ಬರುವುದಿಲ್ಲ.

ಇನ್ನು ಮನುಷ್ಯರ ಕೈ. ದಾವೀದ ಅಷ್ಟು ಹೆದರಿದ ಆ ಕೈ ಯಾರದು? ಇಲ್ಲಿ ನಮ್ಮನ್ನೂ ಸೇರಿಸಿಯೇ ಹೇಳುತ್ತೇವೆ. ಸಿಕ್ಕಿಬಿದ್ದ ಹುಡುಗ ಬೋರ್ಡಿಗಿಂತ ಹೆಚ್ಚು ಹೆದರುವುದು ಭಾನುವಾರದ ಆರಾಧನೆ ಮುಗಿದ ಮೇಲಿನ ಅಂಗಳಕ್ಕೆ. ಬೋರ್ಡಿನ ಶಿಕ್ಷೆಗೆ ಒಂದು ಅವಧಿ ಇದೆ. ನಮ್ಮ ಮಾತಿಗೆ ಅದೂ ಇಲ್ಲ, ಮದುವೆಯ ಮಾತುಕತೆಯವರೆಗೂ ಹಿಂಬಾಲಿಸುತ್ತದೆ. ಹೀಗಿರುವಾಗ ಹೆತ್ತವರು ಪುಢಾರಿಯ ಮನೆಗೆ ಓಡಿದರೆ ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಆದ್ದರಿಂದ ಈ ವರ್ಷ ಇಂಥ ವಿಜ್ಞಾಪನೆ ಬಂದರೆ ಹುಡುಗನನ್ನೇ ಕೇಳೋಣ: ವಿಚಾರಣೆಯಲ್ಲಿ ನಿಜ ಹೇಳುತ್ತೀಯಾ? ಹೇಳುವ ಧೈರ್ಯಕ್ಕಾಗಿ ಪ್ರಾರ್ಥಿಸೋಣ. ವಿಚಾರಣೆಯ ದಿನ ಯುವಜನ ಸಂಘದಿಂದ ಯಾರಾದರೂ ಜೊತೆಗೆ ಹೋಗಲಿ, ವಶೀಲಿಗಲ್ಲ, ಹೊರಗಿನ ಬೆಂಚಿನ ಮೇಲೆ ಕಾಯಲು. ವಿಷಯ ಕೂಟದ ಆಚೆ ಹೋಗದಿರಲಿ. ಶಿಕ್ಷೆಯ ಅವಧಿ ಮುಗಿದ ಮೇಲೆ ಬರುವ ಪರೀಕ್ಷೆಗೆ ಗಣಿತ, ರಸಾಯನಶಾಸ್ತ್ರ ಹೇಳಿಕೊಡಲು ನಮ್ಮಲ್ಲಿ ಬಿಎಸ್ಸಿ ಓದಿದವರಿದ್ದೇವೆ. ಶನಿವಾರ ಸಂಜೆ ಪ್ರಾರ್ಥನಾ ಮಂದಿರ ಖಾಲಿ ಇರುತ್ತದೆ, ಹಲಗೆಯೂ ಇದೆ.